ಲಂಡನ್ನಿನ ಸರ್ಕಾರಿ ಕಟ್ಟಡಗಳು: ವಾಯುದಾಳಿಯ ಹಾನಿ (1940–45)

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ ಲಂಡನ್ನಿನ ಮೇಲೆ ನಡೆಸಿದ ದಾಳಿಗಳಲ್ಲಿ ಬ್ರಿಟನ್ನಿನ ಸಂಸತ್ ಭವನ, ಪ್ರಧಾನಿಯ ನಿವಾಸ, ಖಜಾನೆ ಇಲಾಖೆ, ನೌಕಾ ಇಲಾಖೆ, ನ್ಯಾಯಾಲಯ, ಸುಂಕದ ಕಚೇರಿ, ದಾಖಲೆಗಳ ಉಗ್ರಾಣ ಎಲ್ಲವೂ ಪೆಟ್ಟು ತಿಂದವು. 1940ರ ಸೆಪ್ಟೆಂಬರ್ 7ರಂದು ಆರಂಭವಾದ ದಾಳಿ 57 ರಾತ್ರಿ ಎಡೆಬಿಡದೆ ನಡೆಯಿತು. ಆಮೇಲೆ ಬಿಟ್ಟು ಬಿಟ್ಟು 1941ರ ಮೇ 10–11ರ ರಾತ್ರಿಯವರೆಗೆ ಮುಂದುವರಿಯಿತು. ಬ್ಲಿಟ್ಸ್ ಎಂದು ಹೆಸರಾದ ಈ ಎಂಟು ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ಸುಮಾರು 43,000 ನಾಗರಿಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಲಂಡನ್ನಿನವರು. ಸತ್ತವರಲ್ಲಿ ಅನೇಕರು ನಗರದ ಪೂರ್ವಭಾಗದ ಬಂದರು ಬಡಾವಣೆಗಳ ಕಾರ್ಮಿಕರು ಮತ್ತು ಅವರ ಕುಟುಂಬದವರು ಎಂಬುದನ್ನು ಮೊದಲೇ ಹೇಳಬೇಕು. ಸರ್ಕಾರಿ ಕಟ್ಟಡಗಳಿಗೆ ಬಿದ್ದ ಪೆಟ್ಟು ಒಟ್ಟು ಹಾನಿಯಲ್ಲಿ ಸಣ್ಣ ಪಾಲು. ಆದರೂ ಒಂದು ದೇಶದ ಆಡಳಿತ ಬಾಂಬಿನ ಕೆಳಗೆ ಹೇಗೆ ನಡೆಯಿತು, ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದು ಈ ಸಣ್ಣ ಪಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಲಂಡನ್ನಿನ ಸರ್ಕಾರಿ ಕಚೇರಿಗಳು ಒತ್ತಾಗಿ ಒಂದೇ ಕಡೆ ಸೇರಿಕೊಂಡಿದ್ದವು. ಟ್ರಫಾಲ್ಗರ್ ಚೌಕದಿಂದ ಸಂಸತ್ ಭವನದವರೆಗೆ ವೈಟ್‌ಹಾಲ್ ಎಂಬ ರಸ್ತೆಯ ಇಬ್ಬದಿಯಲ್ಲಿ ನೌಕಾ ಇಲಾಖೆ, ಯುದ್ಧ ಇಲಾಖೆ, ಖಜಾನೆ, ವಿದೇಶಾಂಗ ಇಲಾಖೆ, ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸು ಸಾಲಾಗಿದ್ದವು. ನಡುವೆ ಡೌನಿಂಗ್ ಬೀದಿ. ಪಕ್ಕದಲ್ಲೇ ಥೇಮ್ಸ್ ನದಿ. ದೀಪಗಳನ್ನೆಲ್ಲ ಆರಿಸಿದ್ದರೂ ಬೆಳದಿಂಗಳಲ್ಲಿ ಹೊಳೆಯುವ ನದಿಯ ತಿರುವುಗಳನ್ನು ಆಕಾಶದಿಂದ ಮರೆಮಾಡುವ ಉಪಾಯವಿರಲಿಲ್ಲ. ಆ ಕಾಲದ ರಾತ್ರಿ ದಾಳಿಯಲ್ಲಿ ಇಂಥದೇ ಕಟ್ಟಡಕ್ಕೆ ಗುರಿಯಿಟ್ಟು ಹೊಡೆಯುವುದು ಬಹುಮಟ್ಟಿಗೆ ಆಗದ ಮಾತು. ಸಂಸತ್ತಿಗೆ ಬಿದ್ದ ಬಾಂಬುಗಳಲ್ಲಿ ಎಷ್ಟು ಗುರಿಯಿಟ್ಟವು, ಎಷ್ಟು ನದಿ ಹಿಡಿದು ಬಂದ ವಿಮಾನಗಳು ಸುರಿದು ಹೋದವು ಎಂದು ಬೇರ್ಪಡಿಸುವುದರಿಂದ ಪ್ರಯೋಜನ ಕಡಿಮೆ.

ಲಂಡನ್ನಿಗೆ ಈ ಅನುಭವ ಪೂರ್ತಿ ಹೊಸದಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೊದಲು ಜೆಪೆಲಿನ್ ವಾಯುನೌಕೆಗಳೂ ಅನಂತರ ಗೋಥಾ ವಿಮಾನಗಳೂ ನಗರದ ಮೇಲೆ ಬಾಂಬು ಹಾಕಿದ್ದವು. 1917ರ ಜೂನ್ 13ರಂದು ಹಾಡಹಗಲಲ್ಲೇ ನಡೆದ ಗೋಥಾ ದಾಳಿಯಲ್ಲಿ 162 ಜನ ಸತ್ತರು. ಅದೇ ವರ್ಷ ಜುಲೈ 7ರ ದಾಳಿಯಲ್ಲಿ ಪ್ರಧಾನ ತಂತಿ ಕಚೇರಿಗೆ ಬಾಂಬು ಬಿತ್ತು. ಇಪ್ಪತ್ತು ವರ್ಷಗಳ ಬಳಿಕ ಮತ್ತೊಂದು ಯುದ್ಧದ ಸುಳಿವು ಸಿಕ್ಕಾಗ ಅಧಿಕಾರಿಗಳ ತಲೆಯಲ್ಲಿದ್ದದ್ದು ಈ ನೆನಪೇ. ಯುದ್ಧ ಘೋಷಣೆಯಾದ ಕೆಲವೇ ದಿನಗಳಲ್ಲಿ ರಾಜಧಾನಿ ನೆಲಸಮವಾಗುತ್ತದೆ ಎಂಬ ಭಯದಲ್ಲೇ ಸಿದ್ಧತೆಗಳು ನಡೆದವು.

ಸಿದ್ಧತೆಯಲ್ಲಿ ಮುಖ್ಯವಾದದ್ದು ಕಚೇರಿಗಳ ಸ್ಥಳಾಂತರ. ತುರ್ತು ಕೆಲಸವಿಲ್ಲದ ಇಲಾಖೆಗಳನ್ನು ಊರುಬಿಡಿಸುವ ಯೋಜನೆಗೆ ‘ಹಳದಿ ಸ್ಥಳಾಂತರ’ ಎಂದೂ, ಮಂತ್ರಿಮಂಡಲ ಮತ್ತು ಸಂಸತ್ತೇ ರಾಜಧಾನಿ ಬಿಡಬೇಕಾಗಿ ಬಂದರೆ ಜಾರಿಗೆ ತರಬೇಕಾದ ಯೋಜನೆಗೆ ‘ಕಪ್ಪು ಸ್ಥಳಾಂತರ’ ಎಂದೂ ಗುಪ್ತನಾಮಗಳಿದ್ದವು. ಎರಡನೆಯದನ್ನು ಜಾರಿಗೆ ತರುವ ಪ್ರಸಂಗ ಬರಲಿಲ್ಲ. ಮೊದಲನೆಯದರ ಪ್ರಕಾರ ಆಹಾರ ಇಲಾಖೆ ವೇಲ್ಸ್‌ನ ಕಡಲತೀರದ ಕಾಲ್ವಿನ್ ಬೇ ಊರಿಗೂ, ಆದಾಯ ತೆರಿಗೆಯವರು ಅಲ್ಲೇ ಹತ್ತಿರದ ಲಾಂಡಡ್ನೊಗೂ, ನೌಕಾ ಇಲಾಖೆಯ ಹಲವು ಶಾಖೆಗಳು ಬಾತ್ ನಗರಕ್ಕೂ ಹೋದವು. ಪ್ರವಾಸಿಗರ ಹೋಟೆಲು ಕೋಣೆಗಳಲ್ಲಿ ಗುಮಾಸ್ತರು ಕಡತ ಬಿಚ್ಚಿ ಕೂತರು. ಸುರಕ್ಷಿತವೆಂದು ಆರಿಸಿದ ಬಾತ್ ನಗರದ ಮೇಲೂ 1942ರ ಏಪ್ರಿಲ್‌ನಲ್ಲಿ ಬಾಂಬು ಬಿತ್ತು. ಹೀಗಿದ್ದರೂ ಇಲಾಖೆಗಳು ನೂರಾರು ಮೈಲಿ ಚದುರಿದ್ದರಿಂದ, ವೈಟ್‌ಹಾಲಿನ ಒಂದು ಕಟ್ಟಡ ಬಿದ್ದರೆ ಒಂದು ಇಲಾಖೆಯೇ ನಿಂತುಹೋಗುವ ಸ್ಥಿತಿ ತಪ್ಪಿತು.

ರಾಜಧಾನಿಯಲ್ಲೇ ಉಳಿಯಬೇಕಾದವರಿಗೆ ನೆಲಮಾಳಿಗೆಗಳು ಸಿದ್ಧವಾದವು. ಗ್ರೇಟ್ ಜಾರ್ಜ್ ಬೀದಿಯ ‘ಹೊಸ ಸರ್ಕಾರಿ ಕಚೇರಿ’ಗಳ ತಳಮನೆಯಲ್ಲಿ ಮಂತ್ರಿಮಂಡಲದ ಯುದ್ಧಕೋಣೆಗಳು 1939ರ ಆಗಸ್ಟ್ 27ರಂದು, ಯುದ್ಧಕ್ಕೆ ಒಂದು ವಾರ ಮೊದಲು ಕೆಲಸ ಆರಂಭಿಸಿದವು. ಆ ಕಟ್ಟಡಕ್ಕೆ ಗಟ್ಟಿಯಾದ ಉಕ್ಕಿನ ಚೌಕಟ್ಟಿದೆ ಎಂಬುದೇ ಅದನ್ನು ಆರಿಸಲು ಕಾರಣ. ನೇರವಾಗಿ ಬಾಂಬು ಬಿದ್ದರೆ ಆ ತಳಮನೆ ತಡೆಯಲಾರದು ಎಂಬ ಸಂಗತಿ 1940ರಲ್ಲಿ ಗೊತ್ತಾದ ಮೇಲೆ ಅದರ ನೆತ್ತಿಯ ಮೇಲೆ ದಪ್ಪನೆಯ ಕಾಂಕ್ರೀಟ್ ಹಲಗೆ ಹಾಕಿಸಿದರು. ಯುದ್ಧಕಾಲದ ಮಂತ್ರಿಮಂಡಲ ಅಲ್ಲಿ 115 ಸಲ ಸಭೆ ಸೇರಿತು. ನೌಕಾ ಇಲಾಖೆಯವರು ತಮ್ಮ ಕಟ್ಟಡದ ಪಕ್ಕ, ಹಾರ್ಸ್ ಗಾರ್ಡ್ಸ್ ಮೈದಾನದ ಅಂಚಿನಲ್ಲಿ, ಕಿಟಕಿಯೇ ಇಲ್ಲದ ಕಾಂಕ್ರೀಟ್ ಕೋಟೆಯೊಂದನ್ನು 1940–41ರಲ್ಲಿ ಎಬ್ಬಿಸಿದರು. ಲಂಡನ್ನಿನ ಅತಿ ಕುರೂಪದ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ ಎಂದೂ ಜಾಗ ತಪ್ಪಿಲ್ಲ. ಈಗ ಬಳ್ಳಿ ಹಬ್ಬಿ ಅದರ ಮೈ ಮುಚ್ಚಿದೆ.

ಬಾಂಬಿನ ಬಗೆ, ಕಟ್ಟಡದ ಬಗೆ

ದಾಳಿಯಲ್ಲಿ ಬಳಕೆಯಾದ ಬಾಂಬುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಫೋಟಕ ಬಾಂಬುಗಳು 50 ಕಿಲೋ ತೂಕದಿಂದ ಆರಂಭವಾಗಿ ಸಾವಿರ ಕಿಲೋ ದಾಟಿದವುಗಳವರೆಗೂ ಇದ್ದವು. ಇವು ಬಿದ್ದ ಕಡೆ ಗೋಡೆ ಉರುಳುತ್ತದೆ. ಅದಕ್ಕಿಂತ ದೂರದಲ್ಲಿ ಗಾಳಿಯ ಹೊಡೆತಕ್ಕೆ ಕಿಟಕಿ, ಬಾಗಿಲು, ಚಾವಣಿಯ ಹಂಚು ಹಾರಿಹೋಗುತ್ತವೆ. ಕಚೇರಿಗಳಲ್ಲಿ ಗಾಯಗೊಂಡವರ ಪೈಕಿ ಬಹಳ ಮಂದಿಗೆ ತಗುಲಿದ್ದು ಬಾಂಬಿನ ಚೂರಲ್ಲ, ಕಿಟಕಿಯ ಗಾಜು. ಗಾಜಿನ ಮೇಲೆ ಅಡ್ಡಡ್ಡ ಕಾಗದದ ಪಟ್ಟಿ ಅಂಟಿಸುವುದು, ಬಾಗಿಲ ಮುಂದೆ ಮರಳು ಮೂಟೆ ಪೇರಿಸುವುದು, ಇಟ್ಟಿಗೆಯ ಅಡ್ಡಗೋಡೆ ಕಟ್ಟುವುದು ಇದಕ್ಕಾಗಿಯೇ. ಬಿದ್ದೂ ಸಿಡಿಯದೆ ಉಳಿದ ಬಾಂಬುಗಳದು ಬೇರೆಯೇ ಕಾಟ. ಅದು ಕೆಟ್ಟದ್ದೋ, ತಡವಾಗಿ ಸಿಡಿಯುವುದೋ ಗೊತ್ತಾಗುವವರೆಗೆ ಇಡೀ ಬೀದಿ ಖಾಲಿ ಮಾಡಿಸಬೇಕಾಗುತ್ತಿತ್ತು. ಒಂದು ಇಟ್ಟಿಗೆಯೂ ಅಲುಗದೆ ಒಂದು ಇಲಾಖೆಯ ಕೆಲಸ ದಿನಗಟ್ಟಲೆ ನಿಲ್ಲುತ್ತಿತ್ತು.

ಎರಡನೆಯದು ಬೆಂಕಿ ಬಾಂಬು. ಮೆಗ್ನೀಸಿಯಂ ಮಿಶ್ರಲೋಹದ ಕವಚದೊಳಗೆ ಥರ್ಮೈಟ್ ತುಂಬಿದ, ಒಂದು ಕಿಲೋ ತೂಗುವ, ಮೊಳದುದ್ದವೂ ಇಲ್ಲದ ಕೊಳವೆ ಅದು. ವಿಮಾನದಿಂದ ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಸುರಿಯುತ್ತಿದ್ದರು. ಬೀದಿಯಲ್ಲಿ ಬಿದ್ದರೆ ಒಂದು ಬಕೆಟ್ ಮರಳು ಸಾಕು. ಚಾವಣಿಯ ಸೀಸದ ತಗಡನ್ನೋ ಹಂಚನ್ನೋ ತೂರಿ, ಅಟ್ಟದ ತೊಲೆಗಳ ನಡುವೆ ಯಾರಿಗೂ ಕಾಣದ ಮೂಲೆಯಲ್ಲಿ ಸಿಕ್ಕಿಕೊಂಡರೆ ಮಾತ್ರ ಹತ್ತಿಪ್ಪತ್ತು ನಿಮಿಷದಲ್ಲಿ ಕಟ್ಟಡ ಕೈಬಿಟ್ಟಂತೆಯೇ. ಲಂಡನ್ನಿನ ಹಳೆಯ ಸರ್ಕಾರಿ ಕಟ್ಟಡಗಳು ಇಂಥ ಬೆಂಕಿಗೆ ಹೇಳಿ ಮಾಡಿಸಿದ ಹಾಗಿದ್ದವು: ಹೊರಗೆ ಕಲ್ಲಿನ ಗೋಡೆ, ಒಳಗೆ ಶತಮಾನಗಳ ಒಣಮರ, ಮೇಲೆ ಹತ್ತಿ ಹೋಗಲು ದಾರಿಯೇ ಇಲ್ಲದ ಅಟ್ಟಗಳು. ಇಪ್ಪತ್ತನೆಯ ಶತಮಾನದಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದವು ಇದಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು. ಒಂದು ಮೂಲೆ ಕುಸಿದರೂ ಭಾರ ಉಳಿದ ಕಂಬಗಳ ಮೇಲೆ ನಿಲ್ಲುತ್ತಿತ್ತು. ಸಂಸತ್ ಭವನದ ಹತ್ತಿರದ ಚರ್ಚ್ ಹೌಸ್ ಎಂಬ ಹೊಸ ಕಟ್ಟಡ 1940ರ ಅಕ್ಟೋಬರ್‌ನಲ್ಲಿ ನೇರ ಪೆಟ್ಟು ತಿಂದೂ ನಿಂತಿದ್ದನ್ನು ಕಂಡೇ ಅದನ್ನು ಸಂಸತ್ತಿನ ಬದಲಿ ಸಭಾಸ್ಥಾನವಾಗಿ ಆರಿಸಿದ್ದು.

1940ರ ಶರತ್ಕಾಲ

ಅಕ್ಟೋಬರ್ 14ರ ರಾತ್ರಿ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಡೌನಿಂಗ್ ಬೀದಿಯ 10ನೇ ಸಂಖ್ಯೆಯ ಮನೆಯ ಕೆಳಕೋಣೆಯಲ್ಲಿ ಊಟಕ್ಕೆ ಕೂತಿದ್ದರು. ಆ ಮನೆಯ ಅಡುಗೆಕೋಣೆಗೆ ಹಿಂಭಾಗದಲ್ಲಿ ಎತ್ತರವಾದ ದೊಡ್ಡ ಗಾಜಿನ ಕಿಟಕಿಯಿತ್ತು. ದಾಳಿಯ ಸದ್ದು ಹತ್ತಿರವಾಗುತ್ತಿದ್ದಂತೆ ಚರ್ಚಿಲ್ ಊಟದಿಂದ ಎದ್ದು ಹೋಗಿ, ಬಡಿಸುವುದನ್ನು ಅಲ್ಲೇ ಇಟ್ಟು ಆಶ್ರಯಕ್ಕೆ ಇಳಿಯಿರಿ ಎಂದು ಅಡುಗೆಯವರಿಗೂ ಆಳುಗಳಿಗೂ ಹೇಳಿ ಬಂದರು. ಕೆಲವೇ ನಿಮಿಷಗಳಲ್ಲಿ ಪಕ್ಕದ ಖಜಾನೆ ಇಲಾಖೆಯ ಅಂಗಳಕ್ಕೆ ಬಾಂಬು ಬಿತ್ತು. ಅಡುಗೆಕೋಣೆ ಗಾಜಿನ ಚೂರು ಮತ್ತು ಮಣ್ಣಿನ ರಾಶಿಯಾಯಿತು; ಮನೆಯ ಔಪಚಾರಿಕ ಕೋಣೆಗಳೂ ಜಖಂಗೊಂಡವು. ಅಡುಗೆಯವರು ಉಳಿದರು. ಖಜಾನೆಯ ಕಡೆ ಹೋಂ ಗಾರ್ಡ್ ಕಾವಲಿನಲ್ಲಿದ್ದ ಸರ್ಕಾರಿ ನೌಕರರು ಸತ್ತರು.

ಆ ಮನೆ ಮೊದಲೇ ಗಟ್ಟಿಯಾದದ್ದಲ್ಲ. 1680ರ ದಶಕದಲ್ಲಿ ಸರ್ ಜಾರ್ಜ್ ಡೌನಿಂಗ್ ಲಾಭದ ದೃಷ್ಟಿಯಿಂದ ಅಗ್ಗದಲ್ಲಿ ಎಬ್ಬಿಸಿದ ಮನೆಗಳ ಸಾಲು ಅದು; ನೆಲ ಮೆತ್ತಗೆ, ಪಾಯ ತೆಳುವು. ಉಕ್ಕಿನ ಊರೆಗಳನ್ನೂ ಕಿಟಕಿಗಳಿಗೆ ಲೋಹದ ಮುಚ್ಚಳಗಳನ್ನೂ ಹಾಕಿಸಿದರೂ ನೇರ ಬಾಂಬಿಗೆ ಅದು ನಿಲ್ಲುವ ಆಸೆ ಯಾರಿಗೂ ಇರಲಿಲ್ಲ. ಹೀಗಾಗಿ ಯುದ್ಧಕೋಣೆಗಳ ಮೇಲ್ಗಡೆ, ಹೊಸ ಸರ್ಕಾರಿ ಕಚೇರಿಗಳ ಕಟ್ಟಡದಲ್ಲಿ ಪ್ರಧಾನಿಗೆ ವಾಸದ ಕೋಣೆಗಳನ್ನು ಸಿದ್ಧಮಾಡಲಾಯಿತು. ‘10ನೇ ಸಂಖ್ಯೆಯ ಅನುಬಂಧ’ ಎಂದು ಕರೆಸಿಕೊಂಡ ಅಲ್ಲಿಂದಲೇ ಯುದ್ಧದ ಉಳಿದ ಕಾಲದ ಆಡಳಿತ ಬಹುಪಾಲು ನಡೆಯಿತು.

ಅದೇ ತಿಂಗಳು ಸಾಮರ್ಸೆಟ್ ಹೌಸಿಗೆ ನೇರವಾಗಿ ಬಾಂಬು ಬಿತ್ತು. ಆದಾಯ ತೆರಿಗೆ ಕಚೇರಿ, ಜನನ ಮರಣ ವಿವಾಹಗಳ ನೋಂದಣಿ, ಉಯಿಲುಗಳ ದಾಖಲೆ ಇವೆಲ್ಲ ಇದ್ದ ಹದಿನೆಂಟನೆಯ ಶತಮಾನದ ಭವ್ಯ ಕಟ್ಟಡವದು. ದಕ್ಷಿಣದ ಸಾಲಿನ ಹಲವು ಕೋಣೆಗಳೊಂದಿಗೆ ‘ನೆಲ್ಸನ್ ಮೆಟ್ಟಿಲು’ ಎಂದು ಹೆಸರಾದ ಸುತ್ತು ಮೆಟ್ಟಿಲಸಾಲು ನೆಲಕಚ್ಚಿತು. ವಾಸ್ತುಶಿಲ್ಪಿ ಆಲ್ಬರ್ಟ್ ರಿಚರ್ಡ್‌ಸನ್ 1950ರ ದಶಕದ ಆರಂಭದಲ್ಲಿ ಅದನ್ನು ಮೊದಲಿನಂತೆಯೇ ಕಟ್ಟಿಕೊಟ್ಟರು. ಹೊಸದೆಂದು ಹೇಳದಿದ್ದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಥೇಮ್ಸ್ ದಂಡೆಯ ಸುಂಕದ ಕಚೇರಿಯ ಪೂರ್ವದ ಭಾಗವೂ ಬ್ಲಿಟ್ಸ್‌ನಲ್ಲಿ ಹಾಳಾಗಿ, 1960ರ ದಶಕದಲ್ಲಿ ಮತ್ತೆ ಎದ್ದಿತು.

ಡಿಸೆಂಬರ್ 29ರ ಭಾನುವಾರದ ರಾತ್ರಿ ಹಳೆಯ ನಗರಭಾಗದ ಮೇಲೆ ನಡೆದ ದಾಳಿ ಪ್ರಧಾನವಾಗಿ ಬೆಂಕಿ ಬಾಂಬಿನದು. ರಜೆಯ ದಿನವಾದ್ದರಿಂದ ಕಚೇರಿಗಳಿಗೆ ಬೀಗ, ಚಾವಣಿ ಕಾಯುವವರಿಲ್ಲ; ನದಿಯಲ್ಲೂ ಇಳಿತದ ಹೊತ್ತಾದ್ದರಿಂದ ಬೆಂಕಿ ಆರಿಸಲು ನೀರು ಸಾಲದು. ಹದಿನೈದನೆಯ ಶತಮಾನದಿಂದ ಲಂಡನ್ ನಗರಸಭೆಯ ಕೇಂದ್ರವಾಗಿದ್ದ ಗಿಲ್ಡ್‌ಹಾಲಿಗೆ ಬಾಂಬಿಗಿಂತ ಹೆಚ್ಚು ಕೇಡು ಮಾಡಿದ್ದು ಪಕ್ಕದ ಸೇಂಟ್ ಲಾರೆನ್ಸ್ ಜ್ಯೂರಿ ಚರ್ಚಿನಿಂದ ಹಾರಿಬಂದ ಕಿಡಿ. ಚಾವಣಿ ಸುಟ್ಟು ಒಳಗೆ ಬಿತ್ತು, ಗಾಗ್ ಮತ್ತು ಮೇಗಾಗ್ ಎಂಬ ಮರದ ದೈತ್ಯಮೂರ್ತಿಗಳು ಬೂದಿಯಾದವು, ಗ್ರಂಥಾಲಯದ ಸಾವಿರಾರು ಸಂಪುಟಗಳು ಹೋದವು. ಕಲ್ಲಿನ ಗೋಡೆಗಳು ನಿಂತವು. 1666ರ ಮಹಾಬೆಂಕಿಯಲ್ಲೂ ಇದೇ ಗೋಡೆಗಳು ಹೀಗೆಯೇ ಚಾವಣಿ ಕಳೆದುಕೊಂಡು ನಿಂತಿದ್ದವು. ಈ ರಾತ್ರಿಯ ಬಳಿಕ ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಕಚೇರಿ ಕಟ್ಟಡಗಳಲ್ಲಿ ರಾತ್ರಿ ಬೆಂಕಿ ಕಾವಲನ್ನು ಕಡ್ಡಾಯ ಮಾಡಿದರು. ಹಗಲು ಕಡತ ನೋಡಿದ ಗುಮಾಸ್ತನೇ ಸರದಿಯ ಮೇಲೆ ರಾತ್ರಿ ಕಬ್ಬಿಣದ ಟೋಪಿ ಹಾಕಿ, ಮರಳು ಬಕೆಟ್ ಮತ್ತು ಕೈಪಂಪು ಹಿಡಿದು ಮಾಳಿಗೆ ಹತ್ತುವ ಪದ್ಧತಿ ಬಂತು.

1941ರ ಏಪ್ರಿಲ್ 16–17ರ ಭಾರೀ ದಾಳಿಯಲ್ಲಿ ನೌಕಾ ಇಲಾಖೆಯ ಕಟ್ಟಡಕ್ಕೆ ದೊಡ್ಡ ಕಂಡಿ ಬಿತ್ತು. ಮರುದಿನ ಮಂತ್ರಿಮಂಡಲದ ಸಭೆಯಲ್ಲಿ ಅದರ ಪ್ರಸ್ತಾಪ ಬಂದಾಗ, ಇನ್ನು ಟ್ರಫಾಲ್ಗರ್ ಚೌಕದ ನೆಲ್ಸನ್ ಸ್ತಂಭ ಚೆನ್ನಾಗಿ ಕಾಣುತ್ತದೆ ಎಂದು ಚರ್ಚಿಲ್ ಹೇಳಿದರೆಂದು ಅವರ ಆಪ್ತ ಕಾರ್ಯದರ್ಶಿಯ ದಿನಚರಿ ತಿಳಿಸುತ್ತದೆ.

ಸಂಸತ್ ಭವನ

ಯುದ್ಧಕಾಲದಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆ, ಅಂದರೆ ಸಂಸತ್ ಭವನ, ಒಟ್ಟು 14 ಸಲ ಬಾಂಬಿಗೆ ಸಿಕ್ಕಿತು. 1834ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟುಹೋದ ಮೇಲೆ ಚಾರ್ಲ್ಸ್ ಬ್ಯಾರಿ ಕಟ್ಟಿದ ಈ ಭವನದಲ್ಲಿ, ಆ ಬೆಂಕಿಯಿಂದ ಉಳಿದುಬಂದ ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಮಧ್ಯಯುಗದ ಸಭಾಂಗಣವೂ ಸೇರಿದೆ. ಹಾಲಿನ ತೊಲೆಕಟ್ಟಿನ ಓಕ್ ಮಾಡು ಎರಡನೆಯ ರಿಚರ್ಡ್ ದೊರೆ 1390ರ ದಶಕದಲ್ಲಿ ಮಾಡಿಸಿದ್ದು.

1940ರ ಸೆಪ್ಟೆಂಬರ್ 26ರಂದು ಹೊರಗಿನ ಹಳೆ ಅರಮನೆಯ ಅಂಗಳದಲ್ಲಿ ಬಿದ್ದ ಬಾಂಬು ದೊಡ್ಡ ಕಿಟಕಿಯನ್ನೂ ದಕ್ಷಿಣದ ಗೋಡೆಯನ್ನೂ ಒಡೆಯಿತು. ಅಲ್ಲಿ ಕುದುರೆಯೇರಿ ನಿಂತಿರುವ ಒಂದನೆಯ ರಿಚರ್ಡ್‌ನ ಕಂಚಿನ ಪ್ರತಿಮೆ ಪೀಠದಿಂದ ಅಲುಗಿತು, ಎತ್ತಿ ಹಿಡಿದಿದ್ದ ಕತ್ತಿ ಡೊಂಕಾಯಿತು. ಡಿಸೆಂಬರ್ 8ರಂದು ಸೇಂಟ್ ಸ್ಟೀಫನ್ ಮೊಗಸಾಲೆಗಳು ಬಹುಪಾಲು ಹಾಳಾದವು. ಆದರೆ ಭವನದ ದೊಡ್ಡ ನಷ್ಟ ಆದದ್ದು 1941ರ ಮೇ 10ರ ಶನಿವಾರ ರಾತ್ರಿ. ಚರ್ಚಿಲ್ ಪ್ರಧಾನಿಯಾಗಿ ಸರಿಯಾಗಿ ಒಂದು ವರ್ಷ ತುಂಬಿದ ದಿನ.

ಹುಣ್ಣಿಮೆಯ ಬೆಳಕಿತ್ತು. ಥೇಮ್ಸ್‌ನಲ್ಲಿ ನೀರು ಇಳಿದು ಕೆಸರಿನ ದಂಡೆ ಮೇಲೆದ್ದಿತ್ತು; ಬಾಂಬಿಗೆ ನೀರಿನ ಕೊಳಾಯಿಗಳೂ ಒಡೆದಿದ್ದವು. ಆ ಒಂದು ರಾತ್ರಿ ಲಂಡನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಬೆಂಕಿ ಎದ್ದಿತು, 1,400ಕ್ಕೂ ಹೆಚ್ಚು ಜನ ಸತ್ತರು. ಸಂಸತ್ ಭವನಕ್ಕೆ ಕನಿಷ್ಠ ಹನ್ನೆರಡು ಬಾಂಬು ಬಿದ್ದವು. ಬೆಂಕಿ ಬಾಂಬುಗಳಿಂದ ಹೌಸ್ ಆಫ್ ಕಾಮನ್ಸ್‌ನ ಸಭಾಗೃಹಕ್ಕೂ ಅದೇ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್ ಹಾಲಿನ ಮಾಡಿಗೂ ಕಿಚ್ಚು ಹತ್ತಿತು. ಎರಡನ್ನೂ ಉಳಿಸುವಷ್ಟು ನೀರಾಗಲಿ ಜನರಾಗಲಿ ಇರಲಿಲ್ಲ. ಮಾಜಿ ಮಂತ್ರಿ ವಾಲ್ಟರ್ ಎಲಿಯಟ್ ಅಲ್ಲಿಗೆ ಬಂದವರು, ಸಭಾಗೃಹವನ್ನು ಮತ್ತೆ ಕಟ್ಟಿಕೊಳ್ಳಬಹುದು, ಹಾಲನ್ನು ಕಟ್ಟಲಾಗುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟರು. ಮುಚ್ಚಿದ್ದ ಬಾಗಿಲನ್ನು ಕೊಡಲಿಯಿಂದ ಒಡೆದು ನೀರಿನ ಕೊಳವೆಗಳನ್ನು ಒಳಗೆ ಎಳೆದರು. ಹಾಲು ಉಳಿಯಿತು. ಸಭಾಗೃಹ ಬೆಳಗಾಗುವ ಹೊತ್ತಿಗೆ ಚಾವಣಿಯಿಲ್ಲದೆ, ತಿರುಚಿದ ತೊಲೆಗಳೂ ಸುಟ್ಟ ಕಲ್ಲೂ ರಾಶಿಬಿದ್ದ ಬಯಲಾಗಿತ್ತು. ಸದಸ್ಯರ ಮೊಗಸಾಲೆಯೂ ಅದರೊಂದಿಗೆ ಹೋಯಿತು. ಯುದ್ಧಕಾಲದ ಎಲ್ಲ ಸರ್ಕಾರಿ ತೀರ್ಮಾನಗಳಲ್ಲಿ ಇಷ್ಟು ಬೇಗ ಮಾಡಿ ಇಷ್ಟು ಸರಿಯಾಗಿ ಬಂದದ್ದು ಬೇರೊಂದಿಲ್ಲ ಎನ್ನಬಹುದು. ಆರು ನೂರು ವರ್ಷದ ಓಕ್ ಮಾಡು ಒಮ್ಮೆ ಬಿದ್ದಿದ್ದರೆ ಅದರ ಜಾಗದಲ್ಲಿ ನಿಲ್ಲುತ್ತಿದ್ದುದು ನಕಲು ಮಾತ್ರ.

ಹೌಸ್ ಆಫ್ ಲಾರ್ಡ್ಸ್ ಸಭಾಗೃಹಕ್ಕೂ ಒಂದು ಬಾಂಬು ಬಿತ್ತು. ಅದು ನೆಲವನ್ನು ತೂರಿಕೊಂಡು ಕೆಳಗಿಳಿಯಿತೇ ಹೊರತು ಸಿಡಿಯಲಿಲ್ಲ. ಬಿಗ್ ಬೆನ್ ಗಡಿಯಾರದ ಗೋಪುರದ ಮಾಡಿನಂಚಿಗೆ ಏಟು ಬಿದ್ದು ದಕ್ಷಿಣ ಮುಖದ ಗಾಜೆಲ್ಲ ಉದುರಿತು, ಗಡಿಯಾರ ನಿಲ್ಲಲಿಲ್ಲ. ಭವನದೊಳಗೆ ಆ ರಾತ್ರಿ ಮೂವರು ಪ್ರಾಣ ಕಳೆದುಕೊಂಡರು. ಹತ್ತಿರದ ವೆಸ್ಟ್‌ಮಿನ್‌ಸ್ಟರ್ ಅಬಿ ಚರ್ಚಿನ ನಡುಗೋಪುರದ ಮಾಡು ಉರಿದು ಬಿತ್ತು, ಓಲ್ಡ್ ಬೇಲಿ ಎಂಬ ಕೇಂದ್ರ ಅಪರಾಧ ನ್ಯಾಯಾಲಯದ ಒಂದು ಮೂಲೆ ಕುಸಿಯಿತು. ಊರೂರಿನ ನಗರಸಭೆಗಳ ಅಧೀನದಲ್ಲಿ ಹರಿದು ಹಂಚಿಹೋಗಿದ್ದ ಅಗ್ನಿಶಾಮಕ ದಳಗಳನ್ನು ಒಗ್ಗೂಡಿಸಿ 1941ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವೆ ಸ್ಥಾಪನೆಯಾದದ್ದು ಇಂಥ ರಾತ್ರಿಗಳ ಪಾಠದಿಂದ.

ಬದಲಿ ಸಭಾಗೃಹಗಳು

ಕಾಮನ್ಸ್ ಸಭೆ 1940ರ ನವೆಂಬರ್‌ನಿಂದಲೇ ಆಗಾಗ ಚರ್ಚ್ ಹೌಸಿನಲ್ಲಿ ಸೇರುತ್ತಿತ್ತು. ಸಭೆಯ ಜಾಗವನ್ನು ಪತ್ರಿಕೆಗಳು ಬರೆಯುವಂತಿರಲಿಲ್ಲ. ಸಭಾಗೃಹ ಸುಟ್ಟ ಮೇಲೆ ಸದಸ್ಯರು ಮೊದಲು ಅಲ್ಲಿಗೆ ಹೋದರು, ಕೆಲವು ವಾರಗಳ ಬಳಿಕ ಸಂಸತ್ ಭವನಕ್ಕೇ ಮರಳಿ ಲಾರ್ಡ್ಸ್ ಸಭಾಗೃಹದಲ್ಲಿ ಕೂತರು. ಲಾರ್ಡುಗಳು ತಮ್ಮ ಮನೆಯನ್ನು ಬಿಟ್ಟುಕೊಟ್ಟು, ದೊರೆ ನಿಲುವಂಗಿ ತೊಡುವ ಕೋಣೆಯಲ್ಲಿ ಇಕ್ಕಟ್ಟಾಗಿ ಸೇರಿಕೊಂಡರು. ಹತ್ತಿರ ಹತ್ತಿರ ಹತ್ತು ವರ್ಷ ಈ ಏರ್ಪಾಡೇ ನಡೆಯಿತು. ಯುದ್ಧ ಮುಗಿದ ಮೇಲೆ ಬಂದ ಕ್ಲೆಮೆಂಟ್ ಆಟ್ಲಿ ಸರ್ಕಾರದ ಮುಖ್ಯ ಮಸೂದೆಗಳೆಲ್ಲ ಚರ್ಚೆಯಾದದ್ದು ಹೀಗೆ ಎರವಲು ಪಡೆದ ಸಭಾಗೃಹದಲ್ಲಿ. 1947ರ ಜುಲೈನಲ್ಲಿ ಭಾರತ ಸ್ವಾತಂತ್ರ್ಯ ಮಸೂದೆ ಮಂಡನೆಯಾದಾಗ ಕಾಮನ್ಸ್ ಸದಸ್ಯರು ಕೂತಿದ್ದು ಲಾರ್ಡ್ಸ್‌ನ ಕೆಂಪು ಪೀಠಗಳ ಮೇಲೆ. ಲಾರ್ಡುಗಳು ಅದನ್ನು ಚರ್ಚಿಸಿದ್ದು ನಿಲುವಂಗಿಯ ಕೋಣೆಯಲ್ಲಿ. ಜುಲೈ 18ರಂದು ಮಸೂದೆಗೆ ದೊರೆಯ ಒಪ್ಪಿಗೆ ಸಿಕ್ಕಿತು. ಇನ್ನೂರು ವರ್ಷದ ಆಳ್ವಿಕೆಗೆ ತೆರೆ ಎಳೆದ ಕಾನೂನು ಹಸಿರು ಪೀಠಗಳ ಸ್ವಂತ ಮನೆಯಿಲ್ಲದ ಕಾಮನ್ಸ್ ಸಭೆಯಿಂದ ಬಂತು ಎಂಬುದು ಭಾರತದ ಇತಿಹಾಸ ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಸಂಗತಿ.

1944ರ ಬೇಸಿಗೆಯಲ್ಲಿ ದಾಳಿ ಹೊಸ ರೂಪದಲ್ಲಿ ಮರಳಿತು. ಪೈಲಟ್ ಇಲ್ಲದೆ ಹಾರಿಬರುವ ವಿ-1 ಬಾಂಬುಗಳಲ್ಲಿ ಒಂದು ಜೂನ್ 18ರ ಭಾನುವಾರ ವೈಟ್‌ಹಾಲಿನ ಹತ್ತಿರದ ವೆಲಿಂಗ್ಟನ್ ಸೈನಿಕ ವಸತಿಯ ಗಾರ್ಡ್ಸ್ ಚಾಪೆಲ್ ಮೇಲೆ ಪ್ರಾರ್ಥನೆಯ ಹೊತ್ತಿಗೆ ಬಿದ್ದು 121 ಜನರನ್ನು ಕೊಂದಿತು. ಜೂನ್ 30ರ ಮಧ್ಯಾಹ್ನ ಊಟದ ವೇಳೆಯಲ್ಲಿ ಆಲ್ಡ್‌ವಿಚ್‌ನ ವಾಯು ಇಲಾಖೆಯ ಕಚೇರಿಯಾದ ಅಡಾಸ್ಟ್ರಲ್ ಹೌಸ್ ಎದುರಿಗೆ ಇನ್ನೊಂದು ಬಿತ್ತು. ಕಟ್ಟಡ ನಿಂತಿತು. ರಸ್ತೆಯಲ್ಲಿದ್ದವರೂ ಕಿಟಕಿಯ ಬಳಿ ನಿಂತಿದ್ದ ಸಿಬ್ಬಂದಿಯೂ ಸೇರಿ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ರಾತ್ರಿಯ ದಾಳಿಯಲ್ಲಿ ಕಚೇರಿಗಳು ಖಾಲಿಯಿರುತ್ತಿದ್ದವು. ಹಗಲೂ ಇರುಳೂ ಬರುವ ವಿ-1 ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಸಂಸತ್ತು ಆ ಬೇಸಿಗೆಯಲ್ಲಿ ಮತ್ತೆ ಚರ್ಚ್ ಹೌಸಿನ ಆಶ್ರಯ ಪಡೆಯಿತು.

ಮರುನಿರ್ಮಾಣ

ಹೊಸ ಸಭಾಗೃಹ ಹೇಗಿರಬೇಕು ಎಂಬ ಚರ್ಚೆ ಯುದ್ಧ ನಡೆಯುತ್ತಿದ್ದಾಗಲೇ, 1943ರ ಅಕ್ಟೋಬರ್ 28ರಂದು ಕಾಮನ್ಸ್ ಸಭೆಯ ಮುಂದೆ ಬಂತು. ಹಳೆಯ ಸಭಾಗೃಹದಲ್ಲಿ ಎಲ್ಲ ಸದಸ್ಯರಿಗೂ ಆಸನವಿರಲಿಲ್ಲ. ಆಳುವ ಪಕ್ಷ ಮತ್ತು ವಿರೋಧ ಪಕ್ಷ ಎದುರುಬದುರಾಗಿ ಕೂರುವ ಉದ್ದನೆಯ ಕೋಣೆ ಅದು. ಯೂರೋಪಿನ ಬೇರೆ ಸಂಸತ್ತುಗಳಂತೆ ಅರ್ಧಚಂದ್ರಾಕಾರದ ವಿಶಾಲ ಸಭಾಗೃಹ ಕಟ್ಟಲು ಇದೇ ಅವಕಾಶ ಎಂದವರಿದ್ದರು. ಜೇಮ್ಸ್ ಮ್ಯಾಕ್ಸ್‌ಟನ್‌ರಂಥ ಕೆಲವು ಸದಸ್ಯರು ಹಳೆಯದನ್ನೇ ಮತ್ತೆ ಎಬ್ಬಿಸುವುದನ್ನು ವಿರೋಧಿಸಿದರು. ಚರ್ಚಿಲ್ ಎರಡು ವಿಷಯಗಳಲ್ಲಿ ಹಟ ಹಿಡಿದರು: ಆಕಾರ ಆಯತವೇ ಆಗಿರಬೇಕು, ಎಲ್ಲರಿಗೂ ಆಸನ ಇರಲೇಬಾರದು. ಎಲ್ಲರಿಗೂ ಜಾಗವಿದ್ದರೆ ದಿನನಿತ್ಯದ ಚರ್ಚೆಗಳು ಅರ್ಧ ಖಾಲಿ ಕೋಣೆಯಲ್ಲಿ ನಡೆದು ಕಳೆಗುಂದುತ್ತವೆ. ಮಹತ್ವದ ದಿನ ಸದಸ್ಯರು ನಡುದಾರಿಯಲ್ಲೂ ನಿಂತು ಕೇಳುವ ಇಕ್ಕಟ್ಟೇ ಆ ದಿನದ ತೂಕವನ್ನು ತೋರಿಸುತ್ತದೆ ಎಂಬುದು ಅವರ ವಾದ. ಸಭೆ ಒಪ್ಪಿತು. ವಾದ ಚತುರವಾಗಿತ್ತು, ಒಪ್ಪುವಂತಿತ್ತೇ ಎಂಬುದು ಬೇರೆ ಮಾತು. ಸಂಪ್ರದಾಯದ ಮೇಲಿನ ಮೋಹಕ್ಕೆ ಸಿದ್ಧಾಂತದ ಅಂಗಿ ತೊಡಿಸಿದಂತೆಯೂ ಅದು ಓದಿಸಿಕೊಳ್ಳುತ್ತದೆ.

ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ತಮ್ಮ ಸಹೋದರ ಏಡ್ರಿಯನ್ ಜೊತೆ ನಕ್ಷೆ ಸಿದ್ಧಪಡಿಸಿದರು. ಎಂಜಿನಿಯರ್ ಆಸ್ಕರ್ ಫೇಬರ್. ನೆಲದ ಅಳತೆ ಹಳೆಯದೇ. ಬ್ಯಾರಿಯ ಕಾಲದ ಕಿಕ್ಕಿರಿದ ಕೆತ್ತನೆಯ ಬದಲು ಸರಳವಾದ ಓಕ್ ಕೆಲಸ, ಪತ್ರಕರ್ತರಿಗೂ ಸಾರ್ವಜನಿಕರಿಗೂ ದೊಡ್ಡ ಗ್ಯಾಲರಿ, ಉಕ್ಕಿನ ಚೌಕಟ್ಟು, ಹವಾ ನಿಯಂತ್ರಣ ಬಂದವು. 1950ರ ಅಕ್ಟೋಬರ್ 26ರಂದು ಉದ್ಘಾಟನೆಯಾದಾಗ 625 ಸದಸ್ಯರ ಸಭೆಗೆ ಅದರಲ್ಲಿದ್ದದ್ದು 427 ಆಸನ. ಕಾಮನ್‌ವೆಲ್ತ್ ದೇಶಗಳು ಪೀಠೋಪಕರಣಗಳನ್ನು ಕಾಣಿಕೆ ಕೊಟ್ಟವು: ಸ್ಪೀಕರ್ ಪೀಠ ಆಸ್ಟ್ರೇಲಿಯದ್ದು, ಮೇಜು ಕೆನಡಾದ್ದು, ಮಂತ್ರಿಗಳು ಕೈಯಿಟ್ಟು ಮಾತನಾಡುವ ಪೆಟ್ಟಿಗೆಗಳು ನ್ಯೂಜಿಲೆಂಡಿನವು. ಪ್ರವೇಶದ್ವಾರದ ಬಾಗಿಲುಗಳನ್ನು ಕೊಟ್ಟದ್ದು ಭಾರತ ಮತ್ತು ಪಾಕಿಸ್ತಾನ. ಸಭಾಗೃಹಕ್ಕೆ ಹೋಗುವ ಕಮಾನನ್ನು ಮಾತ್ರ ಚರ್ಚಿಲ್ ಸೂಚನೆಯಂತೆ ಬಾಂಬಿಗೆ ಸಿಕ್ಕ ಅದೇ ಕಲ್ಲುಗಳಿಂದ ಕಟ್ಟಿದರು. ಮುಕ್ಕಾದ, ಮಸಿಹಿಡಿದ ಆ ಕಲ್ಲುಗಳಿಗೆ ಈಗ ಚರ್ಚಿಲ್ ಕಮಾನು ಎಂದು ಹೆಸರು.

ಬೇರೆ ಕಟ್ಟಡಗಳ ಸರದಿ ನಿಧಾನವಾಗಿ ಬಂತು. ಮನೆ ಕಳೆದುಕೊಂಡ ಲಕ್ಷಾಂತರ ಜನರ ಎದುರು ಕಚೇರಿಗಳ ದುರಸ್ತಿ ಹಿಂದೆ ಬಿದ್ದದ್ದು ನ್ಯಾಯವೇ. ಗಿಲ್ಡ್‌ಹಾಲಿಗೆ ಸ್ಕಾಟ್ ವಿನ್ಯಾಸದ ಹೊಸ ಚಾವಣಿ ಬಂದದ್ದು 1954ರಲ್ಲಿ. ಡೌನಿಂಗ್ ಬೀದಿಯ ಮನೆಯನ್ನು 1960ರಿಂದ 1963ರವರೆಗೆ ರೇಮಂಡ್ ಎರಿತ್ ಮೇಲ್ವಿಚಾರಣೆಯಲ್ಲಿ ಬಹುಮಟ್ಟಿಗೆ ಬಿಚ್ಚಿ ಮತ್ತೆ ಕಟ್ಟಿದರು. ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಆ ಕಾಲದಲ್ಲಿ ಅಡ್ಮಿರಾಲ್ಟಿ ಹೌಸಿನಲ್ಲಿದ್ದರು. ಪಕ್ಕದ ಹಳೆಯ ಖಜಾನೆಯ ದುರಸ್ತಿಗೆ ನೆಲ ಅಗೆದಾಗ ಎಂಟನೆಯ ಹೆನ್ರಿಯ ಕಾಲದ ವೈಟ್‌ಹಾಲ್ ಅರಮನೆಯ ಗೋಡೆಗಳು ಹೊರಬಿದ್ದವು. ಬಾಂಬಿನಿಂದ ಪುರಾತತ್ತ್ವಕ್ಕಾದ ಲಾಭ ಅದು.

ಬರ್ಲಿನ್ನಿನ ಕಥೆ ಬೇರೆ. ಅಲ್ಲಿ ಬಾಂಬಿನ ಬೆನ್ನಿಗೆ 1945ರ ಏಪ್ರಿಲ್‌ನಲ್ಲಿ ಬೀದಿಕಾಳಗವೂ ನಡೆಯಿತು. ಹಿಟ್ಲರನ ಹೊಸ ಚಾನ್ಸಲರಿಯ ಅವಶೇಷಗಳನ್ನು ಯುದ್ಧಾನಂತರ ಕೆಡವಿಹಾಕಿದರು. ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗನ ಭಾರೀ ವಾಯು ಇಲಾಖೆಯ ಕಟ್ಟಡ ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿದು, ಈಗ ಜರ್ಮನಿಯ ಹಣಕಾಸು ಇಲಾಖೆಗೆ ನೆಲೆಯಾಗಿದೆ. ಲಂಡನ್ನಿನ ಮೇಲೆ ಬಾಂಬು ಸುರಿಸಿದ ಇಲಾಖೆಯ ಮನೆಯೇ ಅದು.

ಕಾಗದದ ನಷ್ಟ

ಕಟ್ಟಡಗಳ ಹಾನಿಯನ್ನು ಲಂಡನ್ ಕೌಂಟಿ ಕೌನ್ಸಿಲ್ಲಿನವರು ಬೀದಿ ಬೀದಿ ಸುತ್ತಿ ನಕ್ಷೆಗಳ ಮೇಲೆ ಬಣ್ಣ ತುಂಬಿ ದಾಖಲಿಸಿದರು. ಪೂರ್ತಿ ನಾಶವಾದದ್ದಕ್ಕೆ ಕಪ್ಪು, ದುರಸ್ತಿಗೆ ಮೀರಿದ್ದಕ್ಕೆ ನೇರಳೆ, ಅನುಮಾನವಿದ್ದದ್ದಕ್ಕೆ ಗಾಢ ಕೆಂಪು, ಹೀಗೆ ಇಳಿಯುತ್ತ ಸಣ್ಣಪುಟ್ಟ ಜಖಮ್ಮಿಗೆ ಹಳದಿ. ಈ ನಕ್ಷೆಗಳಲ್ಲಿ ಕಾಣದ ಒಂದು ನಷ್ಟವಿದೆ. ಎಲ್ಲಕ್ಕಿಂತ ಶಾಶ್ವತವಾದದ್ದು ಅದೇ.

ಸಾರ್ವಜನಿಕ ದಾಖಲೆ ಕಚೇರಿ ತನ್ನ ಅಮೂಲ್ಯ ಸಂಗ್ರಹವನ್ನು ಮೊದಲೇ ಊರಾಚೆ ಸಾಗಿಸಿತ್ತು. ಹನ್ನೊಂದನೆಯ ಶತಮಾನದ ಭೂದಾಖಲೆಯಾದ ಡೂಮ್ಸ್‌ಡೇ ಗ್ರಂಥ ಯುದ್ಧ ಮುಗಿಯುವವರೆಗೆ ಶೆಪ್ಟನ್ ಮ್ಯಾಲೆಟ್ ಊರಿನ ಜೈಲಿನಲ್ಲಿ ಭದ್ರವಾಗಿತ್ತು. ರಾಜಮಹಾರಾಜರ ಕಾಲದ ಚರ್ಮಪತ್ರಗಳಿಗೆ ಸಿಕ್ಕ ಈ ರಕ್ಷಣೆ ಸಾಮಾನ್ಯ ಸೈನಿಕರ ಕಾಗದಗಳಿಗೆ ಸಿಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಸಿಪಾಯಿಗಳ ಸೇವಾ ಕಡತಗಳು ದಕ್ಷಿಣ ಲಂಡನ್ನಿನ ವಾಲ್‌ವರ್ತ್‌ನ ಆರ್ನ್‌ಸೈಡ್ ಬೀದಿಯ ಯುದ್ಧ ಇಲಾಖೆಯ ಉಗ್ರಾಣದಲ್ಲಿದ್ದವು. 1940ರ ಸೆಪ್ಟೆಂಬರ್‌ನಲ್ಲಿ, ಬ್ಲಿಟ್ಸ್‌ನ ಆರಂಭದಲ್ಲೇ, ಅದಕ್ಕೆ ಬೆಂಕಿ ಬಿತ್ತು. ಸುಮಾರು ಶೇ. 60ರಷ್ಟು ಕಡತಗಳು ಬೂದಿಯಾದವು. ಸೇರಿದ ದಿನ, ಊರು, ಎತ್ತರ, ಗಾಯ, ಶಿಕ್ಷೆ, ಬಿಡುಗಡೆ ಎಂದು ಒಬ್ಬೊಬ್ಬನ ಬಗ್ಗೆ ಸರ್ಕಾರ ಬರೆದಿಟ್ಟದ್ದೆಲ್ಲ ಅದರಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ಸಭಾಗೃಹವನ್ನು ಹತ್ತು ವರ್ಷದಲ್ಲಿ ಮತ್ತೆ ಕಟ್ಟಿದರು. ಈ ಕಡತಗಳನ್ನು ಕಟ್ಟಿಕೊಡಬಲ್ಲವರು ಯಾರೂ ಇಲ್ಲ.

ಈ ನಷ್ಟದ ಜೊತೆಗೆ ಇನ್ನೊಂದನ್ನು ಸೇರಿಸಿ ಹೇಳುವ ರೂಢಿಯಿದೆ, ಅದು ತಪ್ಪು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಜನಗಣತಿಯ ಮೂಲ ಪತ್ರಗಳು 1942ರ ಡಿಸೆಂಬರ್‌ನಲ್ಲಿ ಹೇಯ್ಸ್ ಎಂಬಲ್ಲಿನ ಸರ್ಕಾರಿ ಉಗ್ರಾಣದಲ್ಲಿ ಸುಟ್ಟುಹೋದದ್ದು ನಿಜ, ಆದರೆ ಆ ಬೆಂಕಿಗೂ ಜರ್ಮನ್ ವಿಮಾನಗಳಿಗೂ ಸಂಬಂಧವಿರಲಿಲ್ಲ. ಯುದ್ಧದಿಂದಾಗಿ 1941ರಲ್ಲಿ ಜನಗಣತಿಯೇ ನಡೆಯಲಿಲ್ಲ. ಹೀಗಾಗಿ 1921ರಿಂದ 1951ರವರೆಗಿನ ಮೂವತ್ತು ವರ್ಷಗಳಿಗೆ ಮನೆಮನೆಯ ವಿವರ ಹುಡುಕುವವರು, ಗುರುತುಚೀಟಿ ಕೊಡಲು 1939ರಲ್ಲಿ ತಯಾರಿಸಿದ ಪಟ್ಟಿಯನ್ನೇ ನೆಚ್ಚಬೇಕಾಗಿದೆ.

ಆರ್ನ್‌ಸೈಡ್ ಬೀದಿಯ ಬೆಂಕಿಯಿಂದ ಉಳಿದ ಕಡತಗಳಿಗೆ ದಾಖಲೆ ಕಚೇರಿಯವರು ಇಟ್ಟ ಹೆಸರು ‘ಸುಟ್ಟ ದಾಖಲೆಗಳು’. ಅಂಚು ಕರಕಾಗಿ, ಬೆಂಕಿ ಆರಿಸಿದ ನೀರಿಗೆ ಶಾಯಿ ಹರಡಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುವ ಅವನ್ನು ಓದುಗರ ಕೈಗೆ ಕೊಡುವುದಿಲ್ಲ. 1990ರ ದಶಕದಿಂದ ಅವುಗಳ ಮೈಕ್ರೋಫಿಲ್ಮ್ ಪ್ರತಿ ತೆಗೆಯಲಾಯಿತು. ಅನಂತರ ಡಿಜಿಟಲ್ ಪ್ರತಿಗಳೂ ಬಂದಿವೆ. ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ಸಂಗ್ರಹದ ಕ್ರಮಸಂಕೇತ ಡಬ್ಲ್ಯು.ಒ. 363.